ಒಂದೇ ಪೀರಿಯಡ್ಡಿಗೆ ಮೂರು ಮಾತ್ರೆ

ನನ್ನ ಕುತ್ತಿಗೆಯಲ್ಲಿ ನಲವತ್ತನಾಲ್ಕು ವರ್ಷಗಳಿಂದ ವಾಸವಾಗಿರುವ ಮಾನ್ಯ ಥೈರಾಯ್ಡ್ ಗ್ರಂಥಿಯವರಿಗೆ ಸವಿನಯ ವಂದನೆಗಳು.

ಈ ದೂರಿನ ಮೊದಲ ಎರಡು ಕರಡುಗಳಲ್ಲಿ ಕ್ಯಾಲ್ಸಿಯಂ ಮಾತ್ರೆಯ ಪ್ರಸ್ತಾಪವೇ ಇರಲಿಲ್ಲ. ಹಾಗೇ ಬಿಟ್ಟಿದ್ದರೆ ತಪ್ಪೆಲ್ಲ ತಮ್ಮದೇ ಆಗಿ, ಪತ್ರ ಬಹಳ ಚೆನ್ನಾಗಿರುತ್ತಿತ್ತು.

ನಮ್ಮ ಶಾಲೆಯ ಟೈಮ್‌ಟೇಬಲ್ ಮಾಡುವವಳು ನಾನು. ಹದಿನೆಂಟು ವರ್ಷ ಒಂದೇ ತರಗತಿಗೆ ಒಂದೇ ಹೊತ್ತಿನಲ್ಲಿ ಇಬ್ಬರನ್ನು ಕಳಿಸಿದವಳಲ್ಲ. ತಾವು ಕೆಲಸ ನಿಧಾನಿಸಿ ನನ್ನ ತಲೆಗೆ ಮಂಕು ಕವಿದ ಮೇಲೆ, ಕಳೆದ ತಿಂಗಳು ಏಳನೇ ತರಗತಿಗೆ ಗಣಿತದವರೂ ಸಂಗೀತದವರೂ ಒಟ್ಟಿಗೆ ಹೋದರು. ಮಕ್ಕಳು ಹದಿಮೂರರ ಮಗ್ಗಿಯನ್ನು ರಾಗವಾಗಿ ಹಾಡಿದರಂತೆ. “ಇನ್ನೊಂದ್ಸಲ ಹೀಗಾದ್ರೆ ಟೈಮ್‌ಟೇಬಲ್ ಡ್ರಿಲ್ ಮೇಷ್ಟ್ರಿಗೆ ಕೊಟ್ಬಿಡ್ತೀನಿ ಕಣ್ರೀ” ಎಂದರು ಹೆಡ್‌ಮಿಸ್. ಮೇಷ್ಟರ ಕೈಗೆ ಹೋದರೆ ಆರೂ ಪೀರಿಯಡ್ಡು ಮೈದಾನದಲ್ಲೇ.

ತಮ್ಮ ಉಪಚಾರದಲ್ಲಿ ನಾನು ಕೊರತೆ ಮಾಡಿದ್ದೇನೆಯೇ? ಅಯೋಡಿನ್ ಉಪ್ಪು ಬಳಸಿದೆ. ಅಕ್ಕ ಹೇಳಿದಳೆಂದು ಎರಡು ಪಟ್ಟು ಸುರಿದು, ಹೆಚ್ಚಾದರೂ ತಾವು ಮುನಿಯುತ್ತೀರೆಂದು ಡಾಕ್ಟರಿಂದ ಬೈಸಿಕೊಂಡೆ. ಸೆಲೆನಿಯಂಗೆಂದು ಮೊಟ್ಟೆ, ಸತುವಿಗೆಂದು ಕುಂಬಳ ಬೀಜ. ಇಷ್ಟು ಸತ್ಕಾರ ನನ್ನ ಅತ್ತೆಗೂ ಸಿಕ್ಕಿಲ್ಲ.

ಇದರ ಮೇಲೆ ಒಂದು ವರ್ಷದಿಂದ ದಿನಾ ಬೆಳಿಗ್ಗೆ ತಮ್ಮ ಹೆಸರಿನ ಮಾತ್ರೆ ನುಂಗಿದರೂ ರಿಪೋರ್ಟಿನಲ್ಲಿ ಟಿಎಸ್‌ಎಚ್ ಅಂಕಿ ಇಳಿಯಲಿಲ್ಲ. ಡೋಸ್ ಏರಿಸಲು ಪೆನ್ನೆತ್ತಿದ ಡಾಕ್ಟರು, ಬೆಳಗಿನ ಮಾತ್ರೆಯ ಜೊತೆ ಬೇರೇನಾದರೂ ನುಂಗುತ್ತೀರಾ ಎಂದು ಕೇಳಿದರು. ಕಬ್ಬಿಣದ್ದು, ಕ್ಯಾಲ್ಸಿಯಂದು, ಮೂರೂ ಒಂದೇ ಲೋಟ ನೀರಿನಲ್ಲಿ, ಆರು ಗಂಟೆಗೆ ಸರಿಯಾಗಿ ಎಂದು ಹೆಮ್ಮೆಯಿಂದ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. “ಅಯ್ಯೋ ಟೀಚರ್, ಅವೆರಡೂ ಸೇರ್ಕೊಂಡು ಥೈರಾಯ್ಡ್ ಮಾತ್ರೇನ ಹೊಟ್ಟೇಲೇ ಹಿಡಿದು ಕೂರಿಸ್ಬಿಡ್ತವೆ. ನಾಲ್ಕು ಗಂಟೆ ಅಂತರ ಬಿಡ್ಬೇಕು.” ಒಂದು ವರ್ಷ ನಾನು ಮೂವರನ್ನೂ ಮೊದಲ ಪೀರಿಯಡ್ಡಿಗೇ ಹಾಕಿದ್ದೆ, ಮಾನ್ಯರೇ.

ಈಗ ಹೊಸ ಟೈಮ್‌ಟೇಬಲ್ ಫ್ರಿಜ್ಜಿನ ಬಾಗಿಲಿನಲ್ಲಿದೆ: ತಮ್ಮ ಮಾತ್ರೆ ಖಾಲಿ ಹೊಟ್ಟೆಗೆ ಆರಕ್ಕೆ, ಕಬ್ಬಿಣ ಮಧ್ಯಾಹ್ನ, ಕ್ಯಾಲ್ಸಿಯಂ ರಾತ್ರಿಯ ಊಟಕ್ಕೆ. ಪ್ರತಿಯಾಗಿ ತಾವು ದಿನಾ ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕು. ರಜೆ ಬೇಕಿದ್ದರೆ ಒಂದು ವಾರ ಮುಂಚೆ ಲಿಖಿತ ಅರ್ಜಿ ಕೊಡಬೇಕು.

ತಮ್ಮನ್ನು ಹೊತ್ತೇ ಶಾಲೆಗೆ ಹೋಗುವ, ತಮ್ಮ ವಿಶ್ವಾಸಿ,
ಟೈಮ್‌ಟೇಬಲ್ ಟೀಚರ್

ತಾ.ಕ.: ಮುಂದಿನ ರಿಪೋರ್ಟಿನಲ್ಲಿ ಅಂಕಿ ಇಳಿದಿದ್ದರೆ ತಪ್ಪು ನನ್ನದೆಂದು ಒಪ್ಪಿ, ಈ ದೂರಿನ ಲಕೋಟೆಯ ಮೇಲೆ ತಮ್ಮ ಹೆಸರು ಹೊಡೆದುಹಾಕಿ ನನ್ನದನ್ನೇ ಬರೆಯುತ್ತೇನೆ. ಇಳಿಯದಿದ್ದರೆ ತಮ್ಮ ಜಾಗಕ್ಕೂ ಡ್ರಿಲ್ ಮೇಷ್ಟರ ಹೆಸರನ್ನೇ ಸೂಚಿಸುವವಳಿದ್ದೇನೆ. ಅಂಚೆಗೆ ಹಾಕುವುದು ರಿಪೋರ್ಟು ಕೈಗೆ ಬರುವ ದಿನ, ಆಗಸ್ಟ್ ಹನ್ನೆರಡು.