ಫ್ರೆಂಚ್ ಮೀಸೆಯ ಸೂತಕ

"ಮುಸ್ಟಾಶ್ ಅನ್ನೋ ಪದ ಫ್ರೆಂಚರದಾದರೇನು, ಮೀಸೆ ನಮ್ಮದು! ಅವರ ಕುಡಿಮೀಸೆ ಹೇಗಿರುತ್ತೆ ಅಂತ ಇವತ್ತು ಈ ಡೆಸ್ ಪ್ಲೇನ್ಸ್ ಊರಿಗೇ ತೋರಿಸ್ತೀನಿ!" ಎಂದು ಮಂಜುನಾಥ ಶುಕ್ರವಾರ ಬೆಳಗ್ಗೆ ಕನ್ನಡಿಯೆದುರು ಘೋಷಿಸಿದ.

ಮಗಳು ದಿಯಾಳ ಶಾಲೆಯಲ್ಲಿ ಅಂದು ಸಂಜೆ ಫ್ರೆಂಚ್ ಕ್ಲಾಸಿನ ಹಬ್ಬ. ಫ್ರೆಂಚ್ ವೇಷಕ್ಕೆಂದು ಬೇರೆ ಅಪ್ಪಂದಿರೆಲ್ಲ ಅಂಟುಮೀಸೆಯಲ್ಲಿ ಬರುವವರು. "ಮೈ ಡ್ಯಾಡ್ಸ್ ಈಸ್ ರಿಯಲ್!" ಎಂದು ದಿಯಾ ಕೊಚ್ಚಿಕೊಂಡಾಗಿತ್ತು.

"ರೀ, ಮಾವನವರು ಮೊನ್ನೆ ತಾನೇ ಮೈಸೂರಿಂದ ಬಂದಿದಾರೆ. ಕತ್ತರಿ ಮುಟ್ಬೇಡಿ," ಎಂದಳು ಹೆಂಡತಿ ಲತಾಶ್ರೀ.

ಅಪ್ಪ ಬದುಕಿರುವಾಗ ಮಗ ಮೀಸೆ ಬೋಳಿಸಬಾರದು. ಬೋಳಿಸಿದರೆ ಅಪ್ಪ ಹೋದನೆಂದೇ ಲೆಕ್ಕ. ಮಂಜುನಾಥನ ಅಪ್ಪ, ಎಂಬತ್ತೆರಡರ ಸೋಮಣ್ಣನವರು, ಈ ವಿಷಯದಲ್ಲಿ ಬಲು ಕಟ್ಟುನಿಟ್ಟು.

"ಬೋಳಿಸೋದಲ್ಲ ಕಣೇ, ತಿದ್ದೋದು!"

ಎಡಗಡೆ ರಾಗಿಕಾಳಿನಷ್ಟು ಹೆಚ್ಚು ಹೋಯಿತು. ಸಮ ಮಾಡಹೋದರೆ ಬಲಗಡೆ ಗೋಧಿಕಾಳಿನಷ್ಟು ಹೋಯಿತು. ಮತ್ತೆ ಎಡ, ಮತ್ತೆ ಬಲ. ಇಪ್ಪತ್ತೆರಡು ವರ್ಷ ಆಳಿದ ಮೀಸೆ ಸಾಮ್ರಾಜ್ಯ ಕಾಲು ಗಂಟೆಯಲ್ಲಿ ಮೂಗಿನ ಕೆಳಗಿನ ಒಂದು ಚೌಕಕ್ಕೆ ಇಳಿಯಿತು!

"ಅಯ್ಯಯ್ಯೋ! ಈ ಅವತಾರದಲ್ಲಿ ಸ್ಕೂಲಿಗೆ ಬಂದ್ರೆ ಪೊಲೀಸ್ ಕರೀತಾರೆ. ಪೂರ್ತಿ ತೆಗೀರಿ!" ಎಂದಳು ಲತಾಶ್ರೀ.

ತೆಗೆದ. ಸಂಜೆ ತಾನೂ ಅಂಟುಮೀಸೆ ಹಚ್ಚಿಕೊಂಡ. ಅದು ಚೀಸಿನ ತಟ್ಟೆಗೆ ಬಿತ್ತು. ದಿಯಾ ಬೇರೆ ಯಾರದೋ ಅಪ್ಪನ ಪಕ್ಕ ಹೋಗಿ ನಿಂತಳು. ಮನೆಯಲ್ಲಿ ಮಂಜುನಾಥ ಅಪ್ಪನೆದುರು ಮಾಸ್ಕ್ ಏರಿಸಿ, "ನೆಗಡಿ ಅಪ್ಪಾ," ಎಂದು ಬಚಾವಾದ.

ಶನಿವಾರ ತಪ್ಪೊಪ್ಪಿಕೊಳ್ಳಲು ಒಬ್ಬನೇ ಲೆಮಾಂಟ್ ಊರಿನ ದೇವಸ್ಥಾನಕ್ಕೆ ಹೋದ. ತೀರ್ಥಕ್ಕೆಂದು ಮಾಸ್ಕ್ ಇಳಿಸಿದಾಗ ಗೆಳೆಯ ಪ್ರಸನ್ನ ಎದುರಿಗೇ ಇದ್ದ. ಬೋಳು ತುಟಿಯನ್ನು ನೋಡಿದ, ಭುಜ ಅದುಮಿದ, ಕಣ್ಣೊರೆಸಿಕೊಂಡು ಹೊರಟುಹೋದ.

"ನನ್ನ ಮೀಸೆ ಮೇಲೆ ಅವನಿಗೆ ಎಂಥ ಪ್ರೀತಿ ನೋಡು!" ಎಂದು ಮಂಜುನಾಥ ಮನೆಗೆ ಬಂದು ಉಬ್ಬಿದ.

ಭಾನುವಾರ ಮಧ್ಯಾಹ್ನ ಬೆಲ್ ಆಯಿತು. ಮಂಜುನಾಥ ಸ್ನಾನ ಮುಗಿಸಿ, ಮಾಸ್ಕ್ ಇಲ್ಲದೆ, ಮೆಟ್ಟಿಲ ಅರ್ಧದಲ್ಲಿದ್ದ. ಅಷ್ಟರಲ್ಲಿ ಸೋಮಣ್ಣನವರೇ ಬಾಗಿಲು ತೆರೆದರು. ಹೊರಗೆ ಎರಡು ದೊಡ್ಡ ಪಾತ್ರೆ ಹಿಡಿದ ಪ್ರಸನ್ನ!

"ನೀವು ಮಂಜು ದೊಡ್ಡಪ್ಪನಾ ಅಂಕಲ್? ಸಾವಿನ ಮನೇಲಿ ಒಲೆ ಹಚ್ಚಬಾರದು ಅಂತ ಅನ್ನ, ಸಾರು ತಂದೆ."

"ಸತ್ತಿದ್ದು ಯಾರಪ್ಪಾ?"

"ಮಂಜು ಅವರಪ್ಪ. ನಿನ್ನೆ ಅವನ ಬೋಳು ತುಟಿ ನೋಡಿ ಗೊತ್ತಾಯ್ತು. ಪಾಪ, ದುಃಖದಲ್ಲಿ ಸೂತಕಾನೂ ಮರೆತು ದೇವಸ್ಥಾನಕ್ಕೆ ಬಂದಿದ್ದ."

ಮಂಜುನಾಥ ಒಂದು ಮೆಟ್ಟಿಲು ಹಿಂದೆ ಸರಿದ. ಸೋಮಣ್ಣನವರು ನಿಧಾನವಾಗಿ ಪಾತ್ರೆ ಇಸಿದುಕೊಂಡರು.

"ಕೂತ್ಕೋ ಮಗು. ಹೋದೋರು ಎಂಥವರು?"

"ದೇವರಂಥವರು ಅಂಕಲ್! ನಮ್ಮಪ್ಪನ ಮಾತು ಒಂದು ದಿನಾನೂ ಮೀರಿಲ್ಲ ಅಂತ ಮಂಜು ಯಾವಾಗ್ಲೂ ಹೇಳ್ತಿದ್ದ."

ಸೋಮಣ್ಣನವರು ತಲೆಯೆತ್ತಿ ಮೆಟ್ಟಿಲ ಕಡೆ ನೋಡಿದರು. ಬೋಳು ತುಟಿ ಅಲ್ಲೇ ಫಳಫಳ ಹೊಳೆಯುತ್ತಿತ್ತು.

"ಅಪ್ಪಾ, ಅದು... ಫ್ರೆಂಚ್..."

"ಅಪ್ಪಾ?" ಎಂದು ಪ್ರಸನ್ನ ಕುರ್ಚಿಯಿಂದ ನೆಗೆದೆದ್ದ.

ಸೋಮಣ್ಣನವರು ಅವನನ್ನು ಮತ್ತೆ ಕೂರಿಸಿ, ಮುಚ್ಚಳ ತೆಗೆದು, ಅಂಗೈಗೆ ಒಂದಿಷ್ಟು ಸಾರು ಸುರಿದುಕೊಂಡು ಹೀರಿದರು. ಮುಖ ಅರಳಿತು.

"ಮಂಜೂ, ಮೀಸೆಗೆ ಅವಸರ ಮಾಡ್ಬೇಡ, ನಿಧಾನವಾಗಿ ಬೆಳೆಸ್ಕೋ. ಅದು ಬರೋವರೆಗೂ ನಾನು ಸತ್ತೇ ಇರ್ತೀನಿ, ಪ್ರಸನ್ನ ಸಾರು ತರ್ತಿರಲಿ!"