ತುಳಸಿಕಟ್ಟೆ ಗ್ಯಾಂಗಿನ ನಾಯಕರು

ನಮ್ಮ ವಂಶದಲ್ಲಿ ಒಬ್ಬ ಗ್ಯಾಂಗ್ ಲೀಡರ್ ಇದ್ದಾರೆ ಎಂದರೆ ನೀವು ನಂಬಲಾರಿರಿ. ನನ್ನ ಮುಖ ನೋಡಿದವರಂತೂ ಖಂಡಿತ ನಂಬುವುದಿಲ್ಲ. ಪುಣೆಯ ಖರಾಡಿಯ ಆಫೀಸಿನಲ್ಲಿ ಲಿಫ್ಟು ಹತ್ತುವ ಮೊದಲು, ಭಾರ ಹೆಚ್ಚಾದೀತೆಂದು ಒಳಗಿನ ತಲೆಗಳನ್ನು ಎಣಿಸುವ ಪ್ರಾಣಿ ನಾನು!

ಆದರೆ ಬಿಬವೇವಾಡಿಯ ನಮ್ಮ ಸೋದರಮಾವ ಬೇರೆ ಮಣ್ಣಿನವರು. ತಳೇಗಾಂವದ ಕಾರ್ಖಾನೆಯೊಂದರಲ್ಲಿ ಹಾಜರಿ ಪುಸ್ತಕ ಕಾಯ್ದು ನಿವೃತ್ತರಾದವರು, ರದ್ದಿ ಅಂಗಡಿಯಿಂದ ಒಂದು ದಪ್ಪ ಪುಸ್ತಕ ತಂದರು. ಕಾನೂನಿಗೆ ಸೊಪ್ಪು ಹಾಕದ ಅಮೆರಿಕದ ಮೋಟರ್‌ಸೈಕಲ್ ಗ್ಯಾಂಗುಗಳ ಕಥೆ. ಆಮೇಲೆ ಅಂಥವೇ ಸಿನಿಮಾಗಳನ್ನು ಹುಡುಕಿ ಹುಡುಕಿ ನೋಡಿದರು. ಅವರಿಗೆ ಹಿಡಿಸಿದ್ದು ಗಡ್ಡವೂ ಅಲ್ಲ, ಹೊಡೆದಾಟವೂ ಅಲ್ಲ. ನಿಯಮಗಳು!

“ಸರಕಾರದ ಕಾಯ್ದೆ ಮುರಿಯೋ ಮಂದಿ, ಆದ್ರ ತಮ್ಮ ಕಾಯ್ದೆ ಎಷ್ಟು ಬಿಗಿ ನೋಡು! ಎಲ್ಲಾರೂ ಕೈ ಎತ್ತಿದ್ರಷ್ಟ ಹೊಸಬ ಒಳಗ. ಜಾಕೀಟಿನ ಬೆನ್ನ ಮ್ಯಾಲೆ ಹೊಲಿದ ಗ್ಯಾಂಗಿನ ಬಿಲ್ಲೆ ಅಂದ್ರ ಪ್ರಾಣ. ಗಾಡಿ ಹೊಡಿಯೋದು ಬಿಟ್ಟಂವ ಜಾಕೀಟು ಇಟ್ಟು ಹೋಗಬೇಕು.”

ಹೀಗೆ ಗ್ಯಾಂಗು ಹುಟ್ಟಿತು: ಮಾಮಾ ಸೇರಿ ಮೂವರು ನಿವೃತ್ತರು, ಮೂರು ಸ್ಕೂಟರು. ನಾನು ಉಮೇದುವಾರ. ನೀರಿನ ಬಾಟಲಿ, ಬಿಪಿ ಗುಳಿಗೆ ಹೊತ್ತು ನನ್ನ ಸ್ಕೂಟರಿನಲ್ಲಿ ಹಿಂದೆ ಬರುವವನು. ನನ್ನ ಸೇರ್ಪಡೆಯನ್ನು ಮತಕ್ಕೆ ಹಾಕಿದಾಗಲೆಲ್ಲ ಉಳಿದಿಬ್ಬರ ಕೈ ಏಳುತ್ತಿತ್ತು, ಮಾಮಾನದು ಮಾತ್ರ ಏಳುತ್ತಿರಲಿಲ್ಲ. ಮೊಣಕಾಲಿಗೆ ಪ್ಯಾಡು ಕಟ್ಟಿಕೊಂಡು ಸ್ಕೂಟರ್ ಹೊಡೆಯುವವನಿಗೆ ಬಿಲ್ಲೆ ಕೊಟ್ಟರೆ ಗ್ಯಾಂಗಿನ ಮಾನ ಉಳಿದೀತೇ?

ಜಾಕೀಟಿನದೇ ಒಂದು ಪುರಾಣ. ಚರ್ಮ ತನ್ನ ಹೊಸ್ತಿಲು ದಾಟಕೂಡದೆಂದು ಮಾಮಿ ಸಾರಿದ್ದರಿಂದ ಕಪ್ಪು ಖಾದಿ ಬಂತು. ಬೆನ್ನಿಗೆ ತಲೆಬುರುಡೆ ಬೇಕೆಂದರು ಮಾಮಾ. ಮಾಮಿ ಧಾರವಾಡದವರು, ಅವರಿಗೆ ಬರುವುದು ಕಸೂತಿ. ಕಸೂತಿಯ ಎಳೆಗಳೋ ನೆಟ್ಟಗೆ ಹೋಗುತ್ತವೆ, ಓರೆಯಾಗಿ ಹೋಗುತ್ತವೆ, ದುಂಡಗೆ ಮಾತ್ರ ಹೋಗುವುದಿಲ್ಲ! ಬುರುಡೆ ಮೆಟ್ಟಿಲು ಮೆಟ್ಟಿಲಾಗಿ ಎದ್ದು, ಕೊನೆಗೆ ಅಚ್ಚುಕಟ್ಟಾದ ತುಳಸಿಕಟ್ಟೆಯಾಗಿ ನಿಂತಿತು.

“ಇದು ಬುರುಡಿ ಏನ?” ಮಾಮಾ ಗುಡುಗಿದರು.

“ನಿಮಗ ಬುರುಡಿ, ನನಗ ತುಳಸವ್ವ. ಹಾಕ್ಕೊಳ್ರಿ ಸುಮ್ಮನ.”

ಇನ್ನು ಇವರ ದಂಗೆಕೋರತನ! ನಮ್ಮ ಪುಣೆಯಲ್ಲಿ ನಡುಹಗಲು ಖಾಲಿ ರಸ್ತೆಯ ಕೆಂಪು ದೀಪಕ್ಕೂ ನಿಲ್ಲುವ ಗ್ಯಾಂಗು ಇದೊಂದೇ. ಹಿಂದಿನವರು “ಅಹೋ ಕಾಕಾ, ಚಲಾ ನಾ!” ಎಂದು ಮರಾಠಿಯಲ್ಲಿ ಅವಸರಪಡಿಸಿ ಹಾರ್ನ್ ಬಾರಿಸಿದರೆ, ಮಾಮಾ ತಿರುಗದೆಯೇ ಹೆಬ್ಬೆರಳಿನಿಂದ ಬೆನ್ನ ಮೇಲಿನ ತುಳಸಿಕಟ್ಟೆ ತೋರಿಸುತ್ತಿದ್ದರು.

ಒಂದು ರವಿವಾರ ಮುಂದಿದ್ದ ಮಾಮಾ ನಿಂತದ್ದರಿಂದ ಗ್ಯಾಂಗು ಹಸಿರು ದೀಪಕ್ಕೂ ನಿಂತಿತು. ಶಿಸ್ತು ಅತಿಯಾಯಿತೆಂದು ನಾನು ನಕ್ಕೆ. ಮುಂದಿನ ಸಿಗ್ನಲ್ಲಿನಲ್ಲೂ ನಿಂತಾಗ ನಗು ಬರಲಿಲ್ಲ. ಮಾಮಾನನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ದೆ. ನರ ಸೊರಗಿದೆ, ಹೋದ ದೃಷ್ಟಿ ಬರುವುದಿಲ್ಲ, ಇನ್ನು ಗಾಡಿ ಮುಟ್ಟಬೇಡಿ ಎಂದರು. ಊರಿನ ಚಿಂತೆಯನ್ನೆಲ್ಲ ಗುತ್ತಿಗೆ ಹಿಡಿದ ನನಗೆ ಈ ಒಂದು ಚಿಂತೆ ಹೊಳೆದೇ ಇರಲಿಲ್ಲ ನೋಡಿ.

ಮುಂದಿನ ರವಿವಾರ ಮಾಮಾ ಸಭೆ ಕರೆದರು. ಅವಲಕ್ಕಿ ತಟ್ಟೆಗಳ ನಡುವೆ ಜಾಕೀಟನ್ನು ಮಡಿಸಿ ಇಟ್ಟರು.

“ನಿಯಮ ಅಂದ್ರ ನಿಯಮ. ನನ್ನ ಹೊರಗ ಹಾಕಾಕ ಕೈ ಎತ್ರಿ.” ತಮ್ಮ ಕೈ ತಾವೇ ಎತ್ತಿದರು. ಗೆಳೆಯರಿಬ್ಬರೂ ಅವಲಕ್ಕಿಯಲ್ಲಿ ಶೇಂಗಾ ಹುಡುಕತೊಡಗಿದರು.

“ಬ್ಯಾಡ್ರಿ ಮಾಮಾ,” ಎಂದೆ.

“ಉಮೇದುವಾರಗ ಓಟಿಲ್ಲ. ಬಾಯಿ ಮುಚ್ಚು.”

ಆಗ ಬಾಗಿಲಲ್ಲಿ ನಿಂತಿದ್ದ ಮಾಮಿ, “ನಾಲ್ವತ್ತು ವರ್ಷ ನಿಮ್ಮ ಹಿಂದ ಕೂತೇನಿ. ಘಾಟಿನ್ಯಾಗ ನಡಾ ಹಿಡಕೊಂಡದ್ದು ನಂದು. ಹಿಂದ ಕೂತಾವ್ರದು ಸವಾರಿ ಅಲ್ಲೇನ್ರಿ?” ಎಂದರು.

“ಇದರ ಬಗ್ಗೆ ಪುಸ್ತಕದಾಗ ಏನೂ ಇಲ್ಲ...” ಎಂದು ಗೊಣಗಿದ ಮಾಮಾ ನನ್ನತ್ತ ತಿರುಗಿದರು. “ಉಮೇದುವಾರನ ಗಾಡಿ ಹಿಂದಿನ ಸೀಟು ಖಾಲಿ ಅದಲಾ?”

“ನಾ ಮೂವತ್ತರ ಮ್ಯಾಲೆ ಹೊಡಿಯಂಗಿಲ್ರೀ.”

“ಗೊತ್ತದ. ಅದಕ್ಕ ಇಷ್ಟು ದಿನ ಕೈ ಎತ್ತಿರಲಿಲ್ಲ.” ಕೆಳಗಿಳಿದಿದ್ದ ಕೈ ಮತ್ತೆ ಎದ್ದಿತು. ಈ ಸಲ ನನಗಾಗಿ.

ಹೊರಡುವಾಗ ತಮ್ಮ ಜಾಕೀಟನ್ನು ನನಗೆ ತೊಡಿಸಿದರು. ಬಿಲ್ಲೆ ಗಾಡಿ ಹೊಡೆಯುವವನ ಬೆನ್ನ ಮೇಲಿರಬೇಕಂತೆ. ಮೊದಲ ಸಿಗ್ನಲ್ಲೇ ಕೆಂಪು. ನಿಂತೆ. ಬೆನ್ನ ಮೇಲೆ ಏನೋ ಹರಿದಂತಾಗಿ, ಹುಳವಿರಬಹುದೆಂದು ರೂಢಿಯಂತೆ ಬೆಚ್ಚಿಬಿದ್ದೆ. ಅದು ಹಿಂದೆ ಕೂತ ಮಾಮಾನ ಬೆರಳು. ಮಾಮಿಯ ಒಂದೊಂದೇ ಎಳೆ ಸವರುತ್ತ, ತುಳಸಿಕಟ್ಟೆಯ ಬುಡದಿಂದ ಮೆಟ್ಟಿಲು ಹತ್ತುತ್ತಿತ್ತು.

ಹಿಂದೆ ಹಾರ್ನುಗಳು ಶುರುವಾದವು.

“ಹಸಿರಾತೇನೋ?”

“ಇನ್ನೂ ಇಲ್ರೀ,” ಎಂದೆ, ಹಸಿರು ದೀಪ ನೋಡುತ್ತ. ಬೆರಳು ಇನ್ನೂ ಮೇಲಿನ ಮೆಟ್ಟಿಲು ಮುಟ್ಟಿರಲಿಲ್ಲ.