ಬೀಸಣಿಗೆಯ ಮೇಲಿನ ಮೇಬ್ರಿ

ಆರಿಸ್ ಪೆಟಿಗ್ರೂ ಆ ಲಕೋಟೆಯನ್ನು ಒಡೆದು ನೋಡಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಆದರೆ ಅವನು ಮೂವತ್ತನಾಲ್ಕು ವರ್ಷ ಟೊಲೆಡೊ ಊರಿನಲ್ಲಿ ಮನೆಮನೆಗೆ ಅಂಚೆ ಹಂಚಿ ನಿವೃತ್ತನಾದ ಮನುಷ್ಯ. ಇನ್ನೊಬ್ಬರ ಹೆಸರಿದ್ದ ಲಕೋಟೆ ಒಡೆಯುವುದೆಂದರೆ ಅವನಿಗೆ ಇನ್ನೊಬ್ಬರ ಬಚ್ಚಲಿಗೆ ಇಣುಕಿದಷ್ಟೇ ನಾಚಿಕೆ. ಟಿ.ವಿ. ಕೇಂದ್ರದಿಂದ ಫೋಟೋ ಹೊತ್ತು ಬಂದ ಲಕೋಟೆಯ ಮೇಲೆ ‘ಮುದ್ರಕರಿಗೆ, ಪೆಟಿಗ್ರೂ ಅವರ ಮೂಲಕ. ಮಡಿಸಬೇಡಿ’ ಎಂದಿತ್ತು. ಅವನು ಮಡಿಸಲಿಲ್ಲ, ಒಡೆಯಲಿಲ್ಲ. ಹಸುಗೂಸಿನ ಹಾಗೆ ಎದೆಗವಚಿಕೊಂಡು ಹೋಗಿ ಅಚ್ಚುಕೂಟಕ್ಕೆ ತಲುಪಿಸಿ, ತಲುಪಿದ್ದಕ್ಕೆ ಸಹಿಯನ್ನೂ ಹಾಕಿಸಿಕೊಂಡು ಬಂದಿದ್ದ.

ಈಗ ಶನಿವಾರ ಬೆಳಿಗ್ಗೆ ಎಂಟಕ್ಕೆ ಅಡುಗೆಮನೆಯ ಮೇಜಿನ ಮೇಲೆ ಪೆಟ್ಟಿಗೆ ಬಿಚ್ಚಿದರೆ, ಇನ್ನೂರು ಬೀಸಣಿಗೆಗಳಿಂದ ಇನ್ನೂರು ಅಪರಿಚಿತರು ಅವನನ್ನು ನೋಡಿ ನಗುತ್ತಿದ್ದರು. ದಪ್ಪ ಮೀಸೆ, ಅಗಲ ದವಡೆ. ಕೆಳಗೆ ಬಂಗಾರದ ಅಕ್ಷರದಲ್ಲಿ: ‘ಥ್ಯಾಡಿಯಸ್ ಮೇಬ್ರಿ. ಮೈದಾನದಲ್ಲಿ ವೀರ, ಮೈಕಿನ ಮುಂದೆ ಮೊದಲಿಗ.’

ಥ್ಯಾಡಿಯಸ್ ಮೇಬ್ರಿ ಈ ಬೀದಿಯಲ್ಲೇ ಹುಟ್ಟಿದವನು. ದೊಡ್ಡ ತಂಡಗಳಲ್ಲಿ ಫುಟ್‌ಬಾಲ್ ಆಡಿ, ಮಂಡಿ ಕೈಕೊಟ್ಟ ಮೇಲೆ ಟಿ.ವಿ. ಸ್ಟುಡಿಯೋದಲ್ಲಿ ಕೂತು ಇಡೀ ದೇಶಕ್ಕೆ ಆಟ ಬಿಡಿಸಿ ಹೇಳಿದ ಮೊದಲ ಕಪ್ಪು ಮನುಷ್ಯ. ಹೋದ ತಿಂಗಳು ತೀರಿಕೊಂಡಿದ್ದ. ಮಧ್ಯಾಹ್ನ ಒಂದಕ್ಕೆ ಮೌಂಟ್ ನೆಬೊ ಚರ್ಚಿನಲ್ಲಿ ಅವನ ಸ್ಮರಣೆಯ ಸಭೆ. ಚರ್ಚಿನ ಏಸಿ ಬುಧವಾರವೇ ಕೆಟ್ಟಿತ್ತು. ಜುಲೈ ತಿಂಗಳು. ಬೀಸಣಿಗೆಯಿಲ್ಲದೆ ಸಭೆಯಿಲ್ಲ.

ಆರಿಸನ ಗಾಬರಿಗೆ ಇನ್ನೊಂದು ಕಾರಣವಿತ್ತು. ಸಭೆ ಮುಗಿದ ಮೇಲೆ ಚರ್ಚಿನ ಸ್ವಾಗತ ತಂಡಕ್ಕೆ ಹೊಸ ಮುಖ್ಯಸ್ಥನ ಆಯ್ಕೆ. ಇಪ್ಪತ್ತೆರಡು ವರ್ಷ ಬಿಳಿ ಕೈಗವಸು ಹಾಕಿಕೊಂಡು ಎಡಗಡೆ ಬಾಗಿಲಲ್ಲಿ ನಿಂತು, ಬಂದವರನ್ನೆಲ್ಲ ಕೂರಿಸಿದ್ದ ಅವನು. ಮುಖ್ಯಸ್ಥನ ಹಳದಿ ಬಿಲ್ಲೆ ತನ್ನ ಕೋಟಿನ ಮೇಲೆ ಹೇಗೆ ಕಾಣುತ್ತದೆಂದು ಬಾಟಲಿ ಮುಚ್ಚಳ ಇಟ್ಟುಕೊಂಡು ಕನ್ನಡಿಯಲ್ಲಿ ನೋಡಿಯೂ ಆಗಿತ್ತು. ಆ ಚರ್ಚಿನಲ್ಲಿ ಎಲ್ಲರೂ ಬ್ರದರ್, ಇಲ್ಲವೇ ಸಿಸ್ಟರ್. ಸ್ಮರಣ ಸಮಿತಿಯನ್ನೂ ಸ್ವಾಗತ ತಂಡವನ್ನೂ ಕಣ್ಣಲ್ಲೇ ಆಳುತ್ತಿದ್ದ ಸಿಸ್ಟರ್ ಗ್ಯಾಸ್ಕಿನ್ಸ್ ಮೊದಲೇ ಹೇಳಿದ್ದಳು: “ಬೀಸಣಿಗೆ ಕೆಲಸ ಒಂದು ಮಾಡಿ ತೋರಿಸಿ ಬ್ರದರ್ ಆರಿಸ್. ಮುಖ್ಯಸ್ಥ ಆಗೋರಿಗೆ ಒಂದು ಲಕೋಟೆ ತಲುಪಿಸೋಕಾದ್ರೂ ಬರಬೇಕು.”

ಅವನು ಟಿ.ವಿ. ಕೇಂದ್ರಕ್ಕೆ ಫೋನು ಮಾಡಿದ. ಜೇನು ಸವರಿದ ದನಿಯ ಹುಡುಗಿಯೊಬ್ಬಳು ಎತ್ತಿಕೊಂಡಳು.

“ಅದು ಮೇಬ್ರಿಯವರದೇ ಸಾರ್. ಫೋಟೋ ಹಿಂದೆ ಹೆಸರಿದೆ.”

“ಹಿಂದೆ ಇರಬಹುದಮ್ಮ. ಮುಂದೆ ಬೇರೆಯವರಿದ್ದಾರೆ.”

“ನೀವು ಸರಿಯಾಗಿ ನೋಡಿದ್ರಾ ಸಾರ್? ಕೆಲವು ಸಲ ಎಲ್ಲರೂ ಸ್ವಲ್ಪ ಒಂದೇ ಥರ...” ಹುಡುಗಿ ಅಲ್ಲಿಗೇ ನಿಲ್ಲಿಸಿದಳು.

“ನಾನು ಅವನ ಜೊತೆ ಒಂದೇ ಬೆಂಚಲ್ಲಿ ಕೂತು ಓದಿದವನು!”

“ನಮ್ಮ ದಾಖಲೆ ನಲವತ್ತು ವರ್ಷದ್ದು ಸಾರ್.”

“ನಾನು ಅರವತ್ತೆಂಟು ವರ್ಷದವನು ತಾಯಿ!” ಎನ್ನುವಷ್ಟರಲ್ಲಿ ಫೋನಿನಲ್ಲಿ ಪಿಯಾನೊ ಶುರುವಾಗಿತ್ತು.

ಪಿಯಾನೊ ಕೇಳುತ್ತ ನಿಂತಿದ್ದಾಗ ಪಕ್ಕದ ಮನೆಯ ಜಿನೀವಮ್ಮ ಹಿತ್ತಲ ಬಾಗಿಲಿಂದ ಬಂದಳು. ಥ್ಯಾಡಿಯಸನ ಅಕ್ಕ, ಎಂಬತ್ತೆರಡು ವರ್ಷ. ಈಕೆಗೆ ಹೇಗಪ್ಪ ಮುಖ ತೋರಿಸುವುದು ಎಂದು ಅವನು ಪೆಟ್ಟಿಗೆ ಮುಚ್ಚುವಷ್ಟರಲ್ಲಿ ಅವಳು ಒಂದು ಬೀಸಣಿಗೆ ಎತ್ತಿ, ಕನ್ನಡಕ ಮೂಗಿಗೆ ಇಳಿಸಿ ನೋಡಿದಳು.

“ಅಯ್ಯೋ, ಇವನು ನಮ್ಮ ರಾಸ್ಕೊ ಅಲ್ವೇನೋ! ರಾಸ್ಕೊ ಡ್ಯಾಂಡ್ರಿಜ್. ಎದುರು ತಂಡದಲ್ಲಿ ಆಡ್ತಿದ್ದ. ಥ್ಯಾಡಿಯಸ್ಸಿನ ಸ್ನೇಹಿತ.”

“ಇವರು ತೀರಿಕೊಂಡು ಎಷ್ಟು ವರ್ಷ ಆಯ್ತು ಜಿನೀವಮ್ಮ?”

“ಬಿಡ್ತು ಅನ್ನು! ಕಲ್ಲುಗುಂಡಿನ ಹಾಗಿದ್ದಾನೆ. ಹೋದ ತಿಂಗಳು ಇದೇ ಊರಿಗೆ ಮಗಳ ಮನೆಗೆ ಬಂದು ಸೇರಿಕೊಂಡ. ಇವತ್ತು ಸಭೆಗೆ ಬರ್ತಾನೆ.”

ಆರಿಸ್ ಕುರ್ಚಿ ಹುಡುಕಿಕೊಂಡು ಕೂತ.

ಮುದುಕಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. “ಮೊದಲನೇ ವರ್ಷ ಆ ಕೇಂದ್ರದಲ್ಲಿ ಅರ್ಧ ಜನ ಥ್ಯಾಡಿಯಸ್ಸನ್ನ ರಾಸ್ಕೊ ಅಂತಲೇ ಕರೀತಿದ್ರು. ತಿದ್ದಿ ತಿದ್ದಿ ಸಾಕಾಗಿ ಓಗೊಡೋಕೆ ಶುರು ಮಾಡಿದ. ಇಷ್ಟು ವರ್ಷ ಆದಮೇಲೂ ಕಲಿತಿಲ್ಲ ನೋಡು” ಎಂದವಳು, ಗೋಡೆಯ ಮೇಲಿನ ತಮ್ಮನ ಫೋಟೋ ಇಳಿಸಿಕೊಡುತ್ತೇನೆ, ನಕಲು ಮಾಡಿಸಿ ಅಂಟಿಸು ಎಂದಳು.

ನಕಲು ಮಾಡಿಸಿಕೊಂಡು ಬರುವಷ್ಟರಲ್ಲಿ ಹತ್ತೂವರೆ. ಮನೆಯಲ್ಲಿ ಲೂಷಿಯಸ್ ಟಾಲಿವರ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಬಲಗಡೆ ಬಾಗಿಲಿನ ಲೂಷಿಯಸ್. ಮುಖ್ಯಸ್ಥನ ಬಿಲ್ಲೆಯ ಮೇಲೆ ಅವನಿಗೂ ಕಣ್ಣು.

“ಸುದ್ದಿ ಕೇಳಿ ಓಡಿಬಂದೆ ಆರಿಸಣ್ಣ. ನಿಮಗೆ ಕಷ್ಟ ಅಂದ್ರೆ ನಂಗೆ ಊಟ ಸೇರಲ್ಲ” ಎಂದ, ಬಾಯಲ್ಲಿ ಆರಿಸನದೇ ಬಿಸ್ಕತ್ತು ಇಟ್ಟುಕೊಂಡು. “ಅಂಟಿಸೋದೆಲ್ಲ ಯಾಕೆ? ಮೀಸೆ ಅಳಿಸಿದ್ರೆ ಆಯ್ತಪ್ಪ. ನೋಡಿ, ಬಿಳಿ ಬಣ್ಣ ತಂದಿದ್ದೀನಿ.”

ಬೇಡ ಎನ್ನುವುದರೊಳಗೆ ಹನ್ನೆರಡು ಬೀಸಣಿಗೆಗೆ ಬಳಿದೇಬಿಟ್ಟ. ಮೀಸೆ ಹೋಗಲಿಲ್ಲ, ಬೆಳ್ಳಗಾಯಿತು. ರಾಸ್ಕೊ ಡ್ಯಾಂಡ್ರಿಜ್ ಕೂತಲ್ಲೇ ಅಜ್ಜನಾದ.

“ಈಗ ವಯಸ್ಸಿಗೆ ತಕ್ಕ ಹಾಗಿದ್ದಾರೆ” ಎಂದು ಲೂಷಿಯಸ್ ಕೈ ಒರೆಸಿಕೊಂಡು ಎದ್ದ. “ಸಿಸ್ಟರ್ ಗ್ಯಾಸ್ಕಿನ್ಸ್‌ಗೆ ನಾನೇನೂ ಹೇಳಲ್ಲ ಬಿಡಿ.”

ಹತ್ತು ನಿಮಿಷಕ್ಕೆ ಸಿಸ್ಟರ್ ಗ್ಯಾಸ್ಕಿನ್ಸಳ ಫೋನು ಬಂತು. “ಒಂದು ಗಂಟೆಗೆ ನನ್ನ ಕೈಯಲ್ಲಿ ಥ್ಯಾಡಿಯಸ್ ಮೇಬ್ರಿ ಇರಬೇಕು. ಇಲ್ಲದಿದ್ರೆ ಬಿಲ್ಲೆ ಮಾತು ಮರೆತುಬಿಡಿ.”

ಮನೆಯಲ್ಲಿದ್ದ ಅಂಟು ಮೂವತ್ತಕ್ಕೆ ಮುಗಿಯಿತು. ಜಿನೀವಮ್ಮ ಮೈದಾಹಿಟ್ಟು ಕಲಸಿ ಕಾಯಿಸಿ ಗೋಂದು ಮಾಡಿದಳು. ಇಬ್ಬರೂ ಕೂತು ಮೀಸೆಯ ಮೇಲೆ ಮೇಬ್ರಿಯನ್ನು ಮೆತ್ತಿದರು. ಹಲವರಿಗೆ ಒಂದು ಕಿವಿ ಕಮ್ಮಿಯಾಯಿತು, ಕೆಲವರು ತಲೆಕೆಳಗಾದರು. ಒಂದಕ್ಕೆ ಐದು ನಿಮಿಷವಿರುವಾಗ ಆರಿಸ್ ಮೊಣಕೈವರೆಗೂ ಹಿಟ್ಟಾಗಿ, ಅದರ ಮೇಲೇ ಬಿಳಿ ಕೈಗವಸು ಏರಿಸಿಕೊಂಡು ತನ್ನ ಬಾಗಿಲಲ್ಲಿ ನಿಂತ. ಸಿಸ್ಟರ್ ಗ್ಯಾಸ್ಕಿನ್ಸ್ ಬೀಸಣಿಗೆ ಮೂಸಿ ನೋಡಿದಳು. “ಇದೇನು, ಪ್ಯಾನ್‌ಕೇಕ್ ವಾಸನೆ?” ಎಂದಳಾದರೂ ಅದರ ಮೇಲಿನ ಮುಖ ನೋಡಿ ಒಪ್ಪಿ ತಲೆಯಾಡಿಸಿದಳು. ಅವನಿಗೆ ಹೋದ ಜೀವ ಬಂತು.

ಕಾರ್ಯಕ್ರಮದ ಹಾಳೆಯಲ್ಲಿ ‘ಭಾಷಣ, ದಯವಿಟ್ಟು ಎರಡೇ ನಿಮಿಷ’ ಎಂದು ಅಚ್ಚಾಗಿತ್ತು. ಟಿ.ವಿ. ಕೇಂದ್ರದ ಉಪಾಧ್ಯಕ್ಷ ವಿಟ್‌ಕೋಂಬ್ ಹೊಳೆಯುವ ಫಲಕ ಹಿಡಿದು ಎದ್ದವನು ಒಂಬತ್ತನೇ ನಿಮಿಷದಲ್ಲೂ ಇಳಿಯಲಿಲ್ಲ.

“ಥ್ಯಾಡಿಯಸ್‌ಗೆ ಬಾಗಿಲು ತೆರೆದವರು ನಾವು!” ಎಂದ.

“ತೆರೆದ್ರು. ಏಳು ವರ್ಷ ಹೊರಗೆ ನಿಲ್ಲಿಸಿ ತೆರೆದ್ರು” ಎಂದಳು ಮೊದಲ ಸಾಲಿನ ಜಿನೀವಮ್ಮ, ಆಮೆನ್ ಹೇಳುವ ರಾಗದಲ್ಲಿ.

“ನಮ್ಮ ಜೊತೆ ಕೂರಿಸಿಕೊಂಡೆವು!”

“ಹೌದ್ಹೌದು. ಎರಡು ವರ್ಷ ಬರೀ ನಗೋಕೆ ಕೂರಿಸಿದ್ರು. ಮೂರನೇ ವರ್ಷ ಮಾತಾಡೋಕೆ ಬಿಟ್ರು.”

ಹಿಂದಿನ ಸಾಲುಗಳಿಂದ “ಹೇಳಮ್ಮ, ಹೇಳು” ಎಂದು ದನಿಗಳೆದ್ದವು. ತನ್ನ ಭಾಷಣಕ್ಕೇ ಹುರುಪು ಬಂತೆಂದುಕೊಂಡ ವಿಟ್‌ಕೋಂಬ್ ಹತ್ತನೇ ನಿಮಿಷಕ್ಕೆ ಕಾಲಿಟ್ಟ.

ಅಷ್ಟರಲ್ಲಿ ಸೆಕೆ ತನ್ನ ಕೆಲಸ ಶುರುಮಾಡಿತ್ತು. ಕೈ ಬೆವರಿ, ಗೋಂದು ಸಡಿಲಗೊಂಡು, ಎಲ್ಲಕ್ಕಿಂತ ಮೊದಲು ಪಾಸ್ಟರಮ್ಮನ ಬೀಸಣಿಗೆಯಿಂದ ಥ್ಯಾಡಿಯಸ್ ಜಾರಿ ಅವಳ ಮಡಿಲಿಗೆ ಬಿದ್ದ. ಆಮೇಲೆ ಅಲ್ಲೊಬ್ಬ, ಇಲ್ಲೊಬ್ಬ. ಗಾಯಕರ ಸಾಲಿನಲ್ಲಿ ಥ್ಯಾಡಿಯಸ್ ಗಾಳಿಗೆ ಹಾರಿ ಒಬ್ಬಳ ಟೋಪಿಯ ಮೇಲೆ ಕೂತ. ನೋಡನೋಡುತ್ತ ಇಡೀ ಚರ್ಚಿನಲ್ಲಿ ಮೀಸೆಗಳು ಎಡಕ್ಕೂ ಬಲಕ್ಕೂ ಆಡತೊಡಗಿದವು. ಸಿಸ್ಟರ್ ಗ್ಯಾಸ್ಕಿನ್ಸ್ ನಿಧಾನವಾಗಿ ಕತ್ತು ತಿರುಗಿಸಿ ಎಡಗಡೆ ಬಾಗಿಲನ್ನು ನೋಡಿದಳು. ಆರಿಸ್ ಚಾವಣಿ ನೋಡಿದ.

ಆಗಲೇ ಅವನ ಹಿಂದೆ ಬಾಗಿಲು ತೆರೆಯಿತು. ಎತ್ತರದ ಆಳು, ಬೂದು ಸೂಟು, ಅದೇ ದವಡೆ, ಅದೇ ಮೀಸೆ. ಸಭೆಯ ನಡುವೆ ಬಂದವರು ಕ್ಷಮೆ ಕೇಳುವ ಹಾಗೆ ಒಂದು ಬೆರಳು ಮೇಲೆತ್ತಿಕೊಂಡು, ತುದಿಗಾಲಲ್ಲಿ ನಡುದಾರಿಯಲ್ಲಿ ನಡೆದ.

ವಿಟ್‌ಕೋಂಬ್ ಅವನನ್ನು ನೋಡಿದ. ಕೈಯಲ್ಲಿದ್ದ ಬೀಸಣಿಗೆ ನೋಡಿದ. ಮತ್ತೆ ಅವನನ್ನು ನೋಡಿದ. ಅವನ ಮುಖ ಗೋಂದಿನ ಬಣ್ಣಕ್ಕೆ ತಿರುಗಿತು.

“ಥ್ಯಾಡಿಯಸ್!” ಎಂದ ಮೈಕಿನಲ್ಲೇ. “ಅಯ್ಯೋ ದೇವರೆ, ನೀವು ಹೋದ್ರಿ ಅಂತ ಹೇಳಿದ್ರಲ್ಲ!”

ಜಿನೀವಮ್ಮ ಮೊದಲು ನಕ್ಕಳು. ಅವಳು ನಕ್ಕಮೇಲೆ ನಗುವುದಕ್ಕೆ ಉಳಿದವರಿಗೆ ಅಡ್ಡಿಯೇನಿತ್ತು? ಮುದುಕರು ಬೆಂಚು ಬಡಿದು ನಕ್ಕರು. ಪಾಸ್ಟರು ಬೈಬಲ್ಲಿನ ಹಿಂದೆ ಮುಖ ಮುಚ್ಚಿಕೊಂಡರು.

ಬಂದವನು ವೇದಿಕೆ ಹತ್ತಿ ವಿಟ್‌ಕೋಂಬನ ಹೆಗಲು ತಟ್ಟಿದ. “ನಾನು ರಾಸ್ಕೊ ಸಾರ್. ಹೋದವನು ಥ್ಯಾಡಿಯಸ್. ಬೇಜಾರ್ ಮಾಡ್ಕೋಬೇಡಿ, ನಿಮ್ಮ ಆಫೀಸಿನಲ್ಲಿ ನಾವಿಬ್ರೂ ಒಬ್ಬನೇ ಅಲ್ವಾ.”

ಮೈಕು ಅವನ ಕೈಗೆ ಬಂತು. “ಹದಿನೈದು ವರ್ಷ ಜನ ನನ್ನನ್ನ ಅಂಗಡಿ ಬೀದೀಲಿ ನಿಲ್ಲಿಸಿ, ‘ನಿನ್ನೆ ಟಿ.ವಿ.ಲಿ ಚೆನ್ನಾಗಿ ಮಾತಾಡಿದ್ರಿ’ ಅಂತಿದ್ರು. ನಾನು ಪ್ರತಿ ಸೋಮವಾರ ಥ್ಯಾಡಿಯಸ್‌ಗೆ ಫೋನು ಮಾಡಿ, ‘ನಿನ್ನೆ ನಾನು ಚೆನ್ನಾಗಿ ಮಾತಾಡಿದ್ನಂತೆ ಕಣೋ’ ಅಂತಿದ್ದೆ. ಅವನು, ‘ಹಾಗಾದ್ರೆ ಮುಂದಿನ ವಾರ ನೀನೇ ಹೋಗು, ಅವರಿಗೇನೂ ಗೊತ್ತಾಗಲ್ಲ’ ಅಂತಿದ್ದ. ನಾವು ನಗ್ತಿದ್ವಿ. ನಗದೇ ಇದ್ದಿದ್ರೆ ಅವನು ಆ ಕುರ್ಚೀಲಿ ಒಂದು ವರ್ಷ ಬಾಳ್ತಿರಲಿಲ್ಲ. ಈ ಸೋಮವಾರ ಯಾರಿಗೆ ಫೋನು ಮಾಡ್ಲಿ, ಹೇಳಿ?”

ಎರಡು ನಿಮಿಷಕ್ಕೆ ಸರಿಯಾಗಿ ಇಳಿದ. ಚರ್ಚಿನಲ್ಲಿ ಬೀಸಣಿಗೆ ಮರೆಯಲ್ಲಿ ಕಣ್ಣೊರೆಸಿಕೊಳ್ಳದವರು ಇರಲಿಲ್ಲ. ಕೊನೆಗೆ ಪಾಸ್ಟರು ಎಂದಿನಂತೆ, ಸದಸ್ಯರಾಗಬೇಕೆನ್ನುವವರು ಮುಂದೆ ಬನ್ನಿ ಎಂದು ಕೈ ಚಾಚಿದಾಗ ರಾಸ್ಕೊ ಎದ್ದು ಹೋದ. ಹೊಸ ಊರಿನಲ್ಲಿ ತನಗೂ ಒಂದು ಚರ್ಚು ಬೇಕಿತ್ತು ಎಂದ.

ಊಟದ ಹೊತ್ತಿಗೆ ಆರಿಸನ ಎದೆ ಹಗುರಾಗಿತ್ತು. ತಪ್ಪು ಯಾರದೆಂದು ವಿಟ್‌ಕೋಂಬ್ ಮೈಕಿನಲ್ಲೇ ಸಾರಿಬಿಟ್ಟಿದ್ದ. ಚರ್ಚಿನ ನೆಲಮಾಳಿಗೆಯಲ್ಲಿ ಕರಿದ ಕೋಳಿ, ಚೀಸು ಸುರಿದ ಮ್ಯಾಕರೋನಿ ಬಡಿಸುತ್ತ ಸಿಸ್ಟರ್ ಗ್ಯಾಸ್ಕಿನ್ಸಳೇ, “ನಿಮ್ಮ ತಪ್ಪೇನಿಲ್ಲ ಬ್ರದರ್ ಆರಿಸ್” ಎಂದು ಅವನ ತಟ್ಟೆಗೆ ದೊಡ್ಡ ತುಂಡು ಹಾಕಿದಳು. ಬಿಲ್ಲೆ ಬಂದೇಬಿಟ್ಟಿತು ಎಂದುಕೊಂಡ.

ಲೂಷಿಯಸನೂ ಹಾಗೇ ಅಂದುಕೊಂಡನೆಂದು ಕಾಣುತ್ತದೆ. ಸ್ವಾಗತ ತಂಡದ ಹತ್ತೊಂಬತ್ತು ಜನ ಒಂದು ಮೂಲೆಯಲ್ಲಿ ಸೇರಿದ ಕೂಡಲೇ ಎದ್ದು ನಿಂತ. “ನಾನು ನನ್ನ ಹೆಸರು ಹಿಂದಕ್ಕೆ ತಗೊಂಡು ಬ್ರದರ್ ಡ್ಯಾಂಡ್ರಿಜ್ ಹೆಸರು ಸೂಚಿಸ್ತೀನಿ. ಕ್ಲೀವ್‌ಲ್ಯಾಂಡಿನ ಚರ್ಚಲ್ಲಿ ಇಪ್ಪತ್ತು ವರ್ಷ ಮುಖ್ಯಸ್ಥರಾಗಿದ್ರಂತೆ.”

“ಇವತ್ತು ಸೇರಿದವರು...” ಎಂದು ಆರಿಸ್ ಬಾಯಿ ತೆರೆದ.

“ಬೀಸಣಿಗೆ ಮೇಲೆ ಹೇಗೂ ಅವರ ಮುಖವೇ ಇದೆ, ಹೆಸರೊಂದು ಬಿಟ್ಟು ಮಿಕ್ಕಿದ್ದೆಲ್ಲ ಸರಿಯಾಗೇ ಅಚ್ಚಾಗಿದೆ!” ಎಂದು ಯಾರೋ ಕೂಗಿದರು. ನಗು. ಆರಿಸನ ಹಣೆಯಿಂದ ಬೆವರು ಧಾರೆಯಾಗಿ ಇಳಿಯಿತು.

“ಕೈಯೆಲ್ಲ ಕೋಳಿ ಎಣ್ಣೆ. ಬ್ರದರ್ ಡ್ಯಾಂಡ್ರಿಜ್ ಬೇಕು ಅನ್ನೋರು ಬೀಸಣಿಗೆ ಎತ್ತಿ ಸಾಕು” ಎಂದಳು ಸಿಸ್ಟರ್ ಗ್ಯಾಸ್ಕಿನ್ಸ್, ಪೆನ್ಸಿಲು ಹಿಡಿದು ಎಣಿಸುತ್ತ. “...ಹದಿನೇಳು, ಹದಿನೆಂಟು, ಹತ್ತೊಂಬತ್ತು. ಎಲ್ಲರೂ! ಬ್ರದರ್ ಆರಿಸ್, ನಿಮ್ಮದು ಎಂಥ ದೊಡ್ಡ ಮನಸ್ಸು!”

ಆರಿಸ್ ತಲೆ ಎತ್ತಿ ನೋಡಿದ. ಬೆವರು ತಡೆಯಲಾರದೆ ಮುಖದ ಮುಂದೆ ಬೀಸಿಕೊಳ್ಳುತ್ತಿದ್ದ ಅವನ ಕೈ ಇನ್ನೂ ಮೇಲೇ ಇತ್ತು.

ತಂಡದ ಪುಸ್ತಕದಲ್ಲಿ ಅವತ್ತಿನ ನಿರ್ಣಯ ಹೀಗಿದೆ: ‘ಸರ್ವಾನುಮತದ ಆಯ್ಕೆ. ಎಲ್ಲರಿಗಿಂತ ಜೋರಾಗಿ ಬೀಸಣಿಗೆ ಆಡಿಸಿ ಒಪ್ಪಿಗೆ ಸೂಚಿಸಿದವರು ಬ್ರದರ್ ಆರಿಸ್ ಪೆಟಿಗ್ರೂ.’